ಅವಧಿಗೆ ಮುನ್ನ ಜನಿಸಿದ ಶಿಶುವಿನ ಆಸ್ಪತ್ರೆ ವೆಚ್ಚ: ವರ್ತಕರೂ ಉದ್ಯೋಗದಾತರೂ ತಿಳಿದಿರಬೇಕಾದ ಲೆಕ್ಕ

ವ್ಯಾಪಾರಸ್ಥರಿಗೆ ಅನಿರೀಕ್ಷಿತ ನಷ್ಟವೆಂಬುದು ಹೊಸ ಮಾತಲ್ಲ. ಗೋದಾಮಿಗೆ ಬೆಂಕಿ ಬೀಳಬಹುದು, ಸರಕು ಹೊತ್ತ ಲಾರಿ ಮಗುಚಬಹುದು, ಬಾಕಿ ಕೊಡಬೇಕಾದವರು ಕೈಚೆಲ್ಲಬಹುದು ಎಂದು ಮೊದಲೇ ಎಣಿಸಿ ಅವರು ವಿಮೆ ಇಳಿಸುತ್ತಾರೆ, ಮೀಸಲು ನಿಧಿ ಕಟ್ಟುತ್ತಾರೆ. ಆದರೆ ಮನೆಯಲ್ಲಿ ಹುಟ್ಟಲಿರುವ ಮಗು ಎರಡು ಮೂರು ತಿಂಗಳು ಮೊದಲೇ ಹುಟ್ಟಿದರೆ ಆಗುವ ವೆಚ್ಚವನ್ನು ಮುಂಗಡವಾಗಿ ಎಣಿಸಿದವರು ವಿರಳ. ಸಂತೋಷದ ಸಂದರ್ಭಕ್ಕೆಂದು ತೆಗೆದಿರಿಸಿದ ಐವತ್ತು ಸಾವಿರ ರೂಪಾಯಿ ಮೊದಲ ವಾರದಲ್ಲಿಯೇ ಕರಗಿ, ಅಂಗಡಿಯ ದುಡಿಯುವ ಬಂಡವಾಳಕ್ಕೆ ಕೈ ಹಾಕುವ ಪ್ರಸಂಗ ಒದಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ಮಾತು. ಆದರೆ ತೀವ್ರ ನಿಗಾ ಘಟಕದ ಹಾಸಿಗೆಯನ್ನು ಯಾರೂ ಅಳತೆ ನೋಡಿ ಆರಿಸಿಕೊಳ್ಳುವುದಿಲ್ಲ. ಆದುದರಿಂದ ಈ ವೆಚ್ಚದ ಸ್ವರೂಪ, ಅದಕ್ಕೆ ದೊರೆಯುವ ವಿಮೆ ಹಾಗೂ ಸರ್ಕಾರಿ ನೆರವು, ತೆರಿಗೆ ಕಾನೂನಿನ ನಿಲುವು ಮತ್ತು ಉದ್ಯೋಗದಾತರ ಹೊಣೆ ಇವುಗಳನ್ನು ಕ್ರಮವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಅವಧಿಪೂರ್ವ ಜನನವೆಂದರೇನು?

ಗರ್ಭಧಾರಣೆಯ ಪೂರ್ಣ ಅವಧಿ ಸುಮಾರು 40 ವಾರಗಳು. 37 ವಾರ ತುಂಬುವ ಮೊದಲು ಜನಿಸಿದ ಶಿಶುವನ್ನು ವಿಶ್ವ ಆರೋಗ್ಯ ಸಂಸ್ಥೆಯು ಅವಧಿಪೂರ್ವ ಶಿಶುವೆಂದು ಪರಿಗಣಿಸುತ್ತದೆ. ಇದರಲ್ಲಿ ಮೂರು ವರ್ಗಗಳಿವೆ. 32ರಿಂದ 37 ವಾರಗಳ ನಡುವೆ ಜನಿಸಿದವು ಮೊದಲನೆಯ ವರ್ಗ; ಅವಧಿಪೂರ್ವ ಶಿಶುಗಳಲ್ಲಿ ಬಹುಪಾಲು ಇವೇ. 28ರಿಂದ 32 ವಾರಗಳ ನಡುವಿನವು ಎರಡನೆಯ ವರ್ಗ. 28 ವಾರಕ್ಕೂ ಮುನ್ನ ಜನಿಸಿದವು ಮೂರನೆಯ ವರ್ಗ. ತೂಕದ ದೃಷ್ಟಿಯಿಂದ ನೋಡಿದರೆ 2,500 ಗ್ರಾಂಗಿಂತ ಕಡಿಮೆಯಿದ್ದರೆ ಕಡಿಮೆ ತೂಕ, 1,500 ಗ್ರಾಂಗಿಂತ ಕಡಿಮೆಯಿದ್ದರೆ ಅತಿ ಕಡಿಮೆ ತೂಕ, 1,000 ಗ್ರಾಂಗಿಂತ ಕಡಿಮೆಯಿದ್ದರೆ ಅತ್ಯಂತ ಕಡಿಮೆ ತೂಕ ಎನ್ನಲಾಗುತ್ತದೆ. ಆಸ್ಪತ್ರೆಯ ಬಿಲ್ಲು ನಿರ್ಧಾರವಾಗುವುದು ಮುಖ್ಯವಾಗಿ ಈ ಎರಡು ಅಂಕಿಗಳಿಂದ: ಎಷ್ಟನೆಯ ವಾರ, ಎಷ್ಟು ಗ್ರಾಂ.

2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಶಿಶುಗಳು ಅವಧಿಗೆ ಮುನ್ನ ಜನಿಸಿದವೆಂದೂ, ಅವುಗಳಲ್ಲಿ ಸುಮಾರು 30 ಲಕ್ಷ ಭಾರತದಲ್ಲಿ ಜನಿಸಿದವೆಂದೂ ಅಂದಾಜು ಮಾಡಲಾಗಿದೆ. ಯಾವ ಒಂದು ರಾಷ್ಟ್ರದಲ್ಲಿಯೂ ಇಷ್ಟು ಸಂಖ್ಯೆ ಇಲ್ಲ. ಜಗತ್ತಿನ ಲೆಕ್ಕದಲ್ಲಿ ಹತ್ತು ಜನನಗಳಲ್ಲಿ ಸರಿಸುಮಾರು ಒಂದು ಅವಧಿಪೂರ್ವ ಜನನ. ಅಂದರೆ ಇದು ಅಪರೂಪದ ಆಪತ್ತಲ್ಲ. ನೂರಾರು ಯುವ ನೌಕರರಿರುವ ಯಾವುದೇ ಕಾರ್ಖಾನೆಯಲ್ಲಿ ಇಂದೋ ನಾಳೆಯೋ ಎದುರಾಗುವ ಸಂಗತಿ.

ವೆಚ್ಚ ಹುಟ್ಟಿಕೊಂಡ ಬಗೆ

ಒಂದು ಕಾಲಕ್ಕೆ ಈ ವೆಚ್ಚವೇ ಇರಲಿಲ್ಲ. ಏಕೆಂದರೆ ಚಿಕಿತ್ಸೆಯೇ ಇರಲಿಲ್ಲ. 1963ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರ ಗಂಡುಮಗು ಸುಮಾರು ಐದೂವರೆ ವಾರ ಮೊದಲೇ ಜನಿಸಿತು. ತೂಕ ಎರಡು ಕಿಲೋಗ್ರಾಂ ದಾಟಿದ್ದರೂ ಶ್ವಾಸಕೋಶ ಬಲಿತಿರದ ಕಾರಣ 39 ಗಂಟೆಗಳಲ್ಲಿ ತೀರಿಕೊಂಡಿತು. ಜಗತ್ತಿನ ಅತ್ಯಂತ ಪ್ರಭಾವಶಾಲಿ ಕುಟುಂಬಕ್ಕೂ ಅಂದು ಕೊಳ್ಳಲು ಔಷಧಿ ಇರಲಿಲ್ಲ. ಶ್ವಾಸಕೋಶದ ಗಾಳಿಚೀಲಗಳು ಮುದುಡದಂತೆ ಹಿಡಿದಿಡುವ ಸರ್ಫ್ಯಾಕ್ಟೆಂಟ್ ಎಂಬ ದ್ರವ್ಯದ ಕೊರತೆಯೇ ಈ ಕಾಯಿಲೆಗೆ ಕಾರಣವೆಂದು ಮೇರಿ ಎಲೆನ್ ಏವರಿ 1959ರಲ್ಲಿಯೇ ತೋರಿಸಿದ್ದರು. ಅದನ್ನು ಹೊರಗಿನಿಂದ ಶಿಶುವಿನ ಶ್ವಾಸಕೋಶಕ್ಕೆ ಕೊಡುವ ಚಿಕಿತ್ಸೆಯನ್ನು ಜಪಾನಿನ ಫುಜಿವಾರ 1980ರಲ್ಲಿ ಯಶಸ್ವಿಯಾಗಿ ಮಾಡಿ ತೋರಿಸಿದರು. ನಿರಂತರ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ವಿಧಾನವು 1971ರಿಂದ ಬಳಕೆಗೆ ಬಂತು. ಇಂದು 34 ವಾರದ ಶಿಶು ಉಳಿಯುವುದು ಸಾಮಾನ್ಯ. ಸುಸಜ್ಜಿತ ಘಟಕಗಳಲ್ಲಿ 28 ವಾರದ ಶಿಶುಗಳೂ ಬಹುಸಂಖ್ಯೆಯಲ್ಲಿ ಬದುಕಿ ಮನೆಗೆ ಹೋಗುತ್ತವೆ. ವೆಚ್ಚವೆಂಬುದು ಈ ಸಾಧ್ಯತೆಯ ಬೆಲೆ.

ಹಣ ಎಲ್ಲಿಗೆ ಹೋಗುತ್ತದೆ?

ಬಿಲ್ಲನ್ನು ನೋಡಿದ ಕುಟುಂಬದವರು ಯಂತ್ರಗಳಿಂದಲೇ ಇಷ್ಟು ಹಣವಾಯಿತೆಂದು ಭಾವಿಸುವುದುಂಟು. ವಾಸ್ತವದಲ್ಲಿ ಇನ್‌ಕ್ಯುಬೇಟರ್, ವಾರ್ಮರ್, ವೆಂಟಿಲೇಟರ್ ಮುಂತಾದವು ಒಮ್ಮೆ ಕೊಂಡು ಹಲವು ವರ್ಷ ಬಳಸುವ ಸ್ಥಿರಾಸ್ತಿಗಳು. ಅವುಗಳ ಸವಕಳಿ ಒಂದೊಂದು ಶಿಶುವಿನ ಪಾಲಿಗೆ ಹಂಚಿದಾಗ ದೊಡ್ಡದಾಗಿ ತೋರುವುದಿಲ್ಲ. ನಿಜವಾದ ಭಾರ ಸಿಬ್ಬಂದಿಯ ವೇತನದ್ದು.

ವೆಂಟಿಲೇಟರ್ ಮೇಲಿರುವ ಒಂದು ಶಿಶುವಿಗೆ ಎಲ್ಲ ವೇಳೆಯೂ ಒಬ್ಬ ದಾದಿ ಬೇಕೆಂದು ಹಿಡಿಯೋಣ. ವಾರದಲ್ಲಿ 168 ಗಂಟೆಗಳಿವೆ. ಒಬ್ಬ ದಾದಿ ವಾರಕ್ಕೆ 48 ಗಂಟೆ ದುಡಿದರೆ 168 ಗಂಟೆ ತುಂಬಲು ಮೂರೂವರೆ ಮಂದಿ ಬೇಕು. ರಜೆ, ಹಬ್ಬ, ಅನಾರೋಗ್ಯ ಇವುಗಳನ್ನು ಸೇರಿಸಿದರೆ ನಾಲ್ಕರಿಂದ ಐದು ಮಂದಿ. ಅಂದರೆ ಒಂದು ಕಿಲೋಗ್ರಾಂ ತೂಕದ ಒಂದು ಶಿಶುವಿಗಾಗಿ ಆಸ್ಪತ್ರೆಯ ವೇತನಪಟ್ಟಿಯಲ್ಲಿ ತರಬೇತಿ ಪಡೆದ ನಾಲ್ಕೈದು ಜನರ ಹೆಸರು ಇರಬೇಕಾಗುತ್ತದೆ. ಇದರ ಮೇಲೆ ನವಜಾತ ಶಿಶು ತಜ್ಞರು, ಪ್ರಯೋಗಾಲಯ, ರಕ್ತನಿಧಿ, ನಿರಂತರ ವಿದ್ಯುತ್ತು ಮತ್ತು ಆಮ್ಲಜನಕ. ಶಿಶು ಇರಲಿ, ಇಲ್ಲದಿರಲಿ, ಇವುಗಳ ಖರ್ಚು ನಿಲ್ಲದು.

ಇಲ್ಲಿ ಲೆಕ್ಕಪತ್ರದ ಒಂದು ಸರಳ ತತ್ವ ಕೆಲಸ ಮಾಡುತ್ತದೆ. ಹತ್ತು ಹಾಸಿಗೆಗಳ ಒಂದು ಘಟಕದ ತಿಂಗಳ ಸ್ಥಿರ ವೆಚ್ಚ 18 ಲಕ್ಷ ರೂಪಾಯಿ ಎಂದು ಊಹಿಸಿಕೊಳ್ಳೋಣ. ಎಲ್ಲ ಹಾಸಿಗೆಗಳೂ ಮೂವತ್ತು ದಿನ ತುಂಬಿದ್ದರೆ 300 ಹಾಸಿಗೆ-ದಿನಗಳಾಗಿ ದಿನವೊಂದಕ್ಕೆ 6,000 ರೂ. ಬೀಳುತ್ತದೆ. ಶೇಕಡಾ 60ರಷ್ಟು ಮಾತ್ರ ತುಂಬಿದರೆ 180 ಹಾಸಿಗೆ-ದಿನಗಳಾಗಿ 10,000 ರೂ. ಬೀಳುತ್ತದೆ. ಚಿಕಿತ್ಸೆ ಒಂದೇ, ವೆಚ್ಚ ಬೇರೆ. ಸಣ್ಣ ಪಟ್ಟಣದ ಖಾಸಗಿ ಆಸ್ಪತ್ರೆಗಳು ಇಂತಹ ಘಟಕಗಳನ್ನು ತೆರೆಯಲು ಹಿಂಜರಿಯುವುದಕ್ಕೂ, ಶಿಶುಗಳನ್ನು ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗಳಂತಹ ನಗರಗಳಿಗೆ ಸಾಗಿಸಬೇಕಾಗಿ ಬರುವುದಕ್ಕೂ ಇದು ಒಂದು ಕಾರಣ.

ಮತ್ತೊಂದು ಅಂಶ ದಿನಗಳ ಸಂಖ್ಯೆ. ಅವಧಿಪೂರ್ವ ಶಿಶುವು ಸಾಮಾನ್ಯವಾಗಿ ಹೆರಿಗೆಗೆ ಗೊತ್ತುಪಡಿಸಿದ್ದ ದಿನಾಂಕದ ಆಸುಪಾಸಿನವರೆಗೆ, ಅಥವಾ ಅದಕ್ಕೆ ಕೆಲವು ವಾರ ಮುಂಚಿನವರೆಗೆ ಆಸ್ಪತ್ರೆಯಲ್ಲಿರಬೇಕಾಗುತ್ತದೆ. 34ನೆಯ ವಾರದಲ್ಲಿ ಜನಿಸಿದ ಶಿಶುವಿಗೆ ಒಂದೆರಡು ವಾರ ಸಾಕಾದೀತು. 28ನೆಯ ವಾರದಲ್ಲಿ ಜನಿಸಿದ ಶಿಶುವಿಗೆ ಎರಡು ತಿಂಗಳೇ ಬೇಕಾದೀತು. ಗರ್ಭದೊಳಗೆ ಕಳೆಯುವ ಒಂದೊಂದು ವಾರವೂ ಹೊರಗಿನ ಹಲವು ದಿನಗಳ ಬಿಲ್ಲನ್ನು ಉಳಿಸುತ್ತದೆ.

ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಸಂಸ್ಥೆಯು 2006ರಲ್ಲಿ ನೀಡಿದ ವರದಿಯ ಪ್ರಕಾರ, 2005ರಲ್ಲಿ ಅವಧಿಪೂರ್ವ ಜನನಗಳಿಂದ ಆ ದೇಶಕ್ಕೆ ಆದ ವೆಚ್ಚ ಕನಿಷ್ಠ 2,620 ಕೋಟಿ ಡಾಲರ್, ಅಂದರೆ ಶಿಶುವೊಂದಕ್ಕೆ ಸರಾಸರಿ 51,600 ಡಾಲರ್. ಮೊದಲ ವರ್ಷದ ವೈದ್ಯಕೀಯ ವೆಚ್ಚವು ಪೂರ್ಣಾವಧಿ ಶಿಶುವಿನದಕ್ಕಿಂತ ಸುಮಾರು ಹತ್ತು ಪಟ್ಟು. ದೇಶ ಬೇರೆಯಾದರೂ ಪ್ರಮಾಣ ಎಂತಹುದೆಂಬುದು ಇದರಿಂದ ತಿಳಿಯುತ್ತದೆ.

ಒಂದು ಮಾದರಿ ಲೆಕ್ಕ

ತಾಲ್ಲೂಕು ಕೇಂದ್ರವೊಂದರಲ್ಲಿ 12 ಲಕ್ಷ ರೂಪಾಯಿ ದುಡಿಯುವ ಬಂಡವಾಳದಿಂದ ಕಿರಾಣಿ ಸಗಟು ವ್ಯಾಪಾರ ನಡೆಸುವ ವರ್ತಕರೊಬ್ಬರ ಮನೆಯನ್ನು ಊಹಿಸಿಕೊಳ್ಳಬಹುದು. 28ನೆಯ ವಾರದಲ್ಲಿ ಒಂದು ಕಿಲೋಗ್ರಾಂ ತೂಕದ ಮಗು ಜನಿಸಿ, ನಗರದ ಖಾಸಗಿ ಆಸ್ಪತ್ರೆಯಲ್ಲಿ 60 ದಿನ ಇರಬೇಕಾಯಿತು. ಕೆಳಗಿನ ದರಗಳು ಯಾವುದೇ ಆಸ್ಪತ್ರೆಯ ದರಪಟ್ಟಿಯಲ್ಲ; ಲೆಕ್ಕದ ರೀತಿಯನ್ನು ತೋರಿಸಲು ಹಿಡಿದ ಅಂಕಿಗಳು.

1. ಉಸಿರಾಟದ ಯಂತ್ರದ ನೆರವಿನ ಮೊದಲ 15 ದಿನ, ದಿನಕ್ಕೆ 18,000 ರೂ. ಪ್ರಕಾರ: 2,70,000 ರೂ.
2. ನಿಗಾ ಮುಂದುವರಿದ 25 ದಿನ, ದಿನಕ್ಕೆ 9,000 ರೂ. ಪ್ರಕಾರ: 2,25,000 ರೂ.
3. ತೂಕ ಹೆಚ್ಚುವವರೆಗಿನ ಕೊನೆಯ 20 ದಿನ, ದಿನಕ್ಕೆ 4,000 ರೂ. ಪ್ರಕಾರ: 80,000 ರೂ.
4. ಸರ್ಫ್ಯಾಕ್ಟೆಂಟ್, ಇತರ ಔಷಧಿ, ರಕ್ತನಾಳದ ಮೂಲಕ ಪೋಷಣೆ, ಪರೀಕ್ಷೆಗಳು: 1,75,000 ರೂ.
5. ಕುಟುಂಬದ ವಾಸ್ತವ್ಯ, ಪ್ರಯಾಣ, ತಪ್ಪಿದ ವ್ಯಾಪಾರ, ದಿನಕ್ಕೆ 1,500 ರೂ. ಪ್ರಕಾರ 60 ದಿನಕ್ಕೆ: 90,000 ರೂ.

ಒಟ್ಟು 8,40,000 ರೂ. ಇದು ಅವರ ಬಂಡವಾಳದ ಶೇಕಡಾ 70. ಈ ಮೊತ್ತವನ್ನು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ ಕೈಸಾಲ ತಂದರೆ ಬಡ್ಡಿಯೇ ತಿಂಗಳಿಗೆ 16,800 ರೂ. ಮಗು ಮನೆಗೆ ಬಂದ ಮೇಲೂ ಅಂಗಡಿ ಚೇತರಿಸಿಕೊಳ್ಳಲು ವರ್ಷಗಳು ಹಿಡಿಯುತ್ತವೆ.

ಈ ಪಟ್ಟಿಯಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅತಿ ಹೆಚ್ಚಿನ ಖರ್ಚು ಮೊದಲ ಹದಿನೈದು ದಿನಗಳಲ್ಲಿಯೇ ಆಗಿಬಿಡುತ್ತದೆ. ಇಪ್ಪತ್ತನೆಯ ದಿನ ಕೈ ಖಾಲಿಯಾಗಿ, ವೈದ್ಯರ ಸಲಹೆಗೆ ವಿರುದ್ಧವಾಗಿ ಸಹಿ ಹಾಕಿ ಮಗುವನ್ನು ಕರೆದೊಯ್ಯುವ ಕುಟುಂಬವು ಅಷ್ಟರಲ್ಲಿ ಹಾಸಿಗೆ ಬಾಬ್ತಿಗೇ 3,15,000 ರೂ. ಕೊಟ್ಟಿರುತ್ತದೆ. ಕಠಿಣವಾದ ದಿನಗಳನ್ನು ದಾಟಿಸಿದ ಮೇಲೆ, ಅಗ್ಗವಾದ ದಿನಗಳಿಗೆ ಹಣವಿಲ್ಲದೆ, ಹಣವೂ ಹೋಗಿ ಮಗುವೂ ಕೈತಪ್ಪುವ ಸ್ಥಿತಿ ಇದು. ಆದುದರಿಂದ ಮೊದಲ ದಿನವೇ ಮೂರು ಪ್ರಶ್ನೆಗಳನ್ನು ಆಸ್ಪತ್ರೆಯಲ್ಲಿ ಕೇಳಿ ಬರೆದುಕೊಳ್ಳಬೇಕು: ಯಾವ ಹಂತದ ಆರೈಕೆ ಎಷ್ಟು ದಿನ ಬೇಕಾದೀತು, ಪ್ರತಿ ಹಂತದ ದಿನದ ದರವೆಷ್ಟು, ಹಂತ ಇಳಿದಾಗ ಸರ್ಕಾರಿ ಘಟಕಕ್ಕೆ ವರ್ಗಾಯಿಸಲು ಸಾಧ್ಯವೇ? ಹಣ ಮುಗಿದ ದಿನ ಹೊರಟು ಹೋಗುವುದು ಬೇರೆ. ಹಣ ಮುಗಿಯುವ ಹತ್ತು ದಿನ ಮೊದಲೇ ವೈದ್ಯರೊಡನೆ ಮಾತನಾಡಿ, ಎದುರು ಕಡೆ ಹಾಸಿಗೆ ಖಚಿತಪಡಿಸಿಕೊಂಡು ವರ್ಗಾವಣೆ ಪಡೆಯುವುದು ಬೇರೆ. ಎರಡನೆಯದು ಜೀವ ಉಳಿಸುತ್ತದೆ.

ವಿಮಾ ಪಾಲಿಸಿಯ ಸಣ್ಣ ಅಕ್ಷರಗಳು

ಆರೋಗ್ಯ ವಿಮೆ ಇದೆಯೆಂಬ ಧೈರ್ಯದಲ್ಲಿರುವವರು ಪಾಲಿಸಿಯನ್ನು ಮತ್ತೊಮ್ಮೆ ತೆರೆದು ನೋಡುವುದು ಒಳಿತು. ಮುಖ್ಯವಾಗಿ ಐದು ಅಂಶಗಳು:

ಒಂದು, ಹೆರಿಗೆಯ ರಕ್ಷಣೆ. ಸಾಮಾನ್ಯ ಪಾಲಿಸಿಗಳಲ್ಲಿ ಹೆರಿಗೆ ವೆಚ್ಚ ಹೊರಗುಳಿದಿರುತ್ತದೆ. ಸೇರಿಸಿಕೊಂಡ ಪಾಲಿಸಿಗಳಲ್ಲಿಯೂ ಕಾಯುವ ಅವಧಿ ಇರುತ್ತದೆ. ಗರ್ಭ ನಿಂತ ಮೇಲೆ ಪಾಲಿಸಿ ಕೊಂಡರೆ ಪ್ರಯೋಜನವಾಗದು; ಮದುವೆಯಾದ ವರ್ಷವೇ ಯೋಚಿಸಬೇಕಾದ ವಿಷಯವಿದು.

ಎರಡು, ಮಗುವಿನ ಸೇರ್ಪಡೆ. ಹಲವು ವೈಯಕ್ತಿಕ ಪಾಲಿಸಿಗಳಲ್ಲಿ ಮಗುವನ್ನು 90 ದಿನ ತುಂಬಿದ ಮೇಲೆ ಮಾತ್ರ ಸೇರಿಸಿಕೊಳ್ಳಲಾಗುತ್ತದೆ. ಅವಧಿಪೂರ್ವ ಶಿಶುವಿನ ಇಡೀ ವೆಚ್ಚ ಸಂಭವಿಸುವುದು ಈ 90 ದಿನಗಳ ಒಳಗೇ. 'ಮೊದಲ ದಿನದಿಂದ ನವಜಾತ ಶಿಶು ರಕ್ಷಣೆ' ಎಂಬ ಮಾತು ಪಾಲಿಸಿಯಲ್ಲಿ ಲಿಖಿತವಾಗಿದೆಯೇ ಎಂದು ನೋಡಬೇಕು.

ಮೂರು, ಮಿತಿ. ಮಗುವಿನ ವೆಚ್ಚವನ್ನು ಹೆರಿಗೆಯ ಉಪಮಿತಿಯೊಳಗೆ ಕೊಡುತ್ತಾರೆಯೇ ಅಥವಾ ಕುಟುಂಬದ ಪೂರ್ಣ ವಿಮಾ ಮೊತ್ತದಿಂದ ಕೊಡುತ್ತಾರೆಯೇ? ಮೇಲಿನ ವರ್ತಕರಿಗೆ 5 ಲಕ್ಷ ರೂಪಾಯಿಯ ಪಾಲಿಸಿಯಿದ್ದು, ಹೆರಿಗೆಯ ಉಪಮಿತಿ 50,000 ರೂ. ಎಂದಿಟ್ಟುಕೊಳ್ಳೋಣ. ಮಗು ಉಪಮಿತಿಯೊಳಗೆ ಬಂದರೆ ದೊರೆಯುವುದು ಹೆಚ್ಚೆಂದರೆ 50,000 ರೂ.; ಪೂರ್ಣ ಮೊತ್ತದೊಳಗೆ ಬಂದರೆ 5 ಲಕ್ಷ ರೂ. ಒಂದು ವಾಕ್ಯದ ಬೆಲೆ ನಾಲ್ಕೂವರೆ ಲಕ್ಷ!

ನಾಲ್ಕು, ಕೋಣೆ ಬಾಡಿಗೆಯ ಮಿತಿ. ಮಿತಿಗಿಂತ ದುಬಾರಿ ಕೋಣೆ ಹಿಡಿದರೆ ಇತರ ಕೆಲವು ಶುಲ್ಕಗಳಲ್ಲಿಯೂ ಅದೇ ಪ್ರಮಾಣದ ಕಡಿತವಾಗುತ್ತದೆ. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರದ 2020ರ ಮಾರ್ಗಸೂಚಿಯ ಪ್ರಕಾರ ತೀವ್ರ ನಿಗಾ ಘಟಕದ ಶುಲ್ಕಕ್ಕೆ ಇಂತಹ ಪ್ರಮಾಣಾನುಸಾರ ಕಡಿತ ಮಾಡುವಂತಿಲ್ಲ. ಕಡಿತವಾಗಿದ್ದರೆ ಲಿಖಿತವಾಗಿ ಪ್ರಶ್ನಿಸಬಹುದು.

ಐದು, ಸೂಚನೆ. ನೌಕರರ ಸಾಮೂಹಿಕ ಪಾಲಿಸಿಯಲ್ಲಿ ಮಗುವಿನ ಜನನವನ್ನು ಗೊತ್ತುಪಡಿಸಿದ ದಿನಗಳೊಳಗೆ ವಿಮಾ ಕಂಪನಿಗೆ ತಿಳಿಸಿ ಹೆಸರು ಸೇರಿಸಬೇಕು. ತಂದೆ ಆಸ್ಪತ್ರೆಯ ಬಾಗಿಲಲ್ಲಿ ನಿಂತಿರುವ ಹೊತ್ತಿನಲ್ಲಿ ಈ ಕಾಗದ ಕಳುಹಿಸುವುದು ಕಚೇರಿಯ ಕೆಲಸ. ಅವಳಿ ಮಕ್ಕಳಾದರೆ ಇಬ್ಬರ ಹೆಸರನ್ನೂ ಸೇರಿಸತಕ್ಕದ್ದು. ಬಿಲ್ಲುಗಳೂ ಬೇರೆ ಬೇರೆಯೇ ಆಗುತ್ತವೆ.

ನಗದುರಹಿತ ಚಿಕಿತ್ಸೆಯ ಕೋರಿಕೆಯನ್ನು ಒಂದು ಗಂಟೆಯೊಳಗೂ, ಬಿಡುಗಡೆಯ ಸಮಯದ ಅಂತಿಮ ಅನುಮತಿಯನ್ನು ಮೂರು ಗಂಟೆಯೊಳಗೂ ತೀರ್ಮಾನಿಸಬೇಕೆಂದು ಪ್ರಾಧಿಕಾರವು 2024ರ ಮೇ ತಿಂಗಳ ಸುತ್ತೋಲೆಯಲ್ಲಿ ವಿಮಾ ಕಂಪನಿಗಳಿಗೆ ವಿಧಿಸಿದೆಯೆಂಬುದನ್ನೂ ನೆನಪಿಡಬೇಕು.

ಸರ್ಕಾರದ ವ್ಯವಸ್ಥೆ

ಖಾಸಗಿ ಆಸ್ಪತ್ರೆಯೊಂದೇ ದಾರಿಯಲ್ಲ. ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲಾ ಆಸ್ಪತ್ರೆಯಲ್ಲಿ 2003ರಲ್ಲಿ ಆರಂಭವಾದ ನವಜಾತ ಶಿಶು ವಿಶೇಷ ಆರೈಕೆ ಘಟಕದ ಮಾದರಿಯು ಮುಂದೆ ದೇಶದ ಜಿಲ್ಲಾ ಆಸ್ಪತ್ರೆಗಳಿಗೆ ಹಬ್ಬಿತು. 2011ರ ಜೂನ್ 1ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ರೋಗಗ್ರಸ್ತ ನವಜಾತ ಶಿಶುವಿಗೆ ಔಷಧಿ, ಪರೀಕ್ಷೆ, ರಕ್ತ, ಸಾಗಣೆ ಇವು ಉಚಿತ. ಮೊದಲು 30 ದಿನಗಳಿಗೆ ಸೀಮಿತವಾಗಿದ್ದ ಈ ಸೌಲಭ್ಯವನ್ನು ನಂತರ ಒಂದು ವರ್ಷದವರೆಗೆ ವಿಸ್ತರಿಸಲಾಯಿತು. ಇದಕ್ಕೆ ಆದಾಯದ ಮಿತಿಯಿಲ್ಲ. ವರ್ತಕರ ಮಗುವಿಗೂ, ಹಮಾಲಿಯ ಮಗುವಿಗೂ ಬಾಗಿಲು ಒಂದೇ.

ಕರ್ನಾಟಕದಲ್ಲಿ 2018ರಿಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ದೊರೆಯುತ್ತದೆ. ಉಳಿದ ಕುಟುಂಬಗಳಿಗೆ ಪ್ಯಾಕೇಜು ದರದ ಶೇಕಡಾ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂ. ಮಿತಿಗೊಳಪಟ್ಟು, ಸರ್ಕಾರ ಭರಿಸುತ್ತದೆ. ತುರ್ತು ಸಂದರ್ಭಗಳನ್ನು ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅಗತ್ಯ. ಹಣ ಕಟ್ಟಿದ ನಂತರವಲ್ಲ, ದಾಖಲಾಗುವಾಗಲೇ ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಕಾಣಬೇಕು.

ಮನೆಗೆ ಬಂದ ಮೇಲಿನ ವೆಚ್ಚವನ್ನೂ ಮರೆಯುವಂತಿಲ್ಲ. ಅವಧಿಪೂರ್ವ ಶಿಶುಗಳಲ್ಲಿ ಕಣ್ಣಿನ ಅಕ್ಷಿಪಟಲದ ರಕ್ತನಾಳಗಳು ತಪ್ಪಾಗಿ ಬೆಳೆದು ಕುರುಡುತನ ಬರುವ ಅಪಾಯವಿದೆ. 34 ವಾರಕ್ಕೆ ಮುನ್ನ ಅಥವಾ 2,000 ಗ್ರಾಂಗಿಂತ ಕಡಿಮೆ ತೂಕದಲ್ಲಿ ಜನಿಸಿದ ಶಿಶುವಿನ ಕಣ್ಣನ್ನು ಮೂವತ್ತು ದಿನ ತುಂಬುವುದರೊಳಗೆ ತಜ್ಞರಿಂದ ಪರೀಕ್ಷಿಸಬೇಕು. ಒಂದು ಪರೀಕ್ಷೆ ತಪ್ಪಿದರೆ ಜೀವಮಾನದ ನಷ್ಟ. ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಕಾರ್ಯಕ್ರಮವು ಜಿಲ್ಲೆಗಳಲ್ಲಿಯೇ ಶಿಶುಗಳ ಕಣ್ಣಿನ ಚಿತ್ರ ತೆಗೆದು ದೂರದಲ್ಲಿರುವ ತಜ್ಞರಿಗೆ ಕಳುಹಿಸುವ ಪದ್ಧತಿಯನ್ನು ರೂಢಿಸಿತು. 2013ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಕಾಯಿಲೆಗಳ ಪಟ್ಟಿಯಲ್ಲಿ ಇದೂ ಸೇರಿದೆ.

ತೆರಿಗೆ ಕಾನೂನಿನ ದೃಷ್ಟಿ

ಇಲ್ಲಿ 1961ರ ಆದಾಯ ತೆರಿಗೆ ಕಾಯಿದೆಯ ಪರಿಚಿತ ಕಲಮು ಸಂಖ್ಯೆಗಳನ್ನೇ ಬಳಸಲಾಗಿದೆ. 2026ರ ಏಪ್ರಿಲ್ 1ರಿಂದ ಜಾರಿಗೆ ನಿಗದಿಯಾದ 2025ರ ಕಾಯಿದೆಯಲ್ಲಿ ಸಂಖ್ಯೆಗಳು ಬೇರೆಯಾಗಿವೆ.

ಶಿಶುವಿನ ಆಸ್ಪತ್ರೆ ಬಿಲ್ಲಿಗೆ ನೇರ ತೆರಿಗೆ ವಿನಾಯಿತಿ ಇಲ್ಲವೆಂಬುದು ಕಹಿಯಾದರೂ ಸತ್ಯ. 80ಡಿ ಕಲಮಿನಡಿ ಕಳೆಯಲು ಅವಕಾಶವಿರುವುದು ವಿಮಾ ಕಂತಿಗೆ, ತನ್ನ, ಪತಿ ಅಥವಾ ಪತ್ನಿಯ ಹಾಗೂ ಅವಲಂಬಿತ ಮಕ್ಕಳ ಬಾಬ್ತು 25,000 ರೂ.ವರೆಗೆ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. 80ಡಿಡಿಬಿ ಕಲಮಿನ ನಿಗದಿತ ಕಾಯಿಲೆಗಳ ಪಟ್ಟಿಯಲ್ಲಿ ಅವಧಿಪೂರ್ವ ಜನನವಿಲ್ಲ. ಮಗುವಿಗೆ ಮುಂದೆ ಶಾಶ್ವತ ಅಂಗವೈಕಲ್ಯ ಪ್ರಮಾಣೀಕೃತವಾದರೆ 80ಡಿಡಿ ಅಡಿಯಲ್ಲಿ 75,000 ರೂ., ತೀವ್ರವಾದುದಾದರೆ 1,25,000 ರೂ. ಕಳೆಯಬಹುದು, ಇದೂ ಹಳೆಯ ಪದ್ಧತಿಯಲ್ಲಿಯೇ. ಮಾಲೀಕರು ತಮ್ಮ ಮಗುವಿನ ಬಿಲ್ಲನ್ನು ಅಂಗಡಿಯ ಖರ್ಚಿಗೆ ಬರೆಯುವಂತಿಲ್ಲ. ಅದು ಡ್ರಾಯಿಂಗ್ಸ್ ಖಾತೆಗೆ ಹೋಗತಕ್ಕದ್ದು.

ನಗದು ವ್ಯವಹಾರದಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. 269ಎಸ್‌ಟಿ ಕಲಮಿನ ಪ್ರಕಾರ ಒಂದು ದಿನದಲ್ಲಿ, ಅಥವಾ ಒಂದು ವ್ಯವಹಾರದ ಬಾಬ್ತು, ಅಥವಾ ಒಂದೇ ಸಂದರ್ಭಕ್ಕೆ ಸಂಬಂಧಿಸಿದಂತೆ ಒಬ್ಬರಿಂದ 2 ಲಕ್ಷ ರೂ. ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವಂತಿಲ್ಲ. ದಿನಕ್ಕೆ 50,000 ರೂ.ಗಳಂತೆ ಕಂತುಗಳಲ್ಲಿ ಕೊಟ್ಟರೂ ಒಂದೇ ದಾಖಲಾತಿಯ ಬಿಲ್ಲೆಂದು ಪರಿಗಣಿತವಾಗುವ ಕಾರಣ ಆಸ್ಪತ್ರೆಗಳು ನಿರಾಕರಿಸುತ್ತವೆ. ಮತ್ತೊಂದು, 269ಎಸ್‌ಎಸ್ ಕಲಮು: 20,000 ರೂ. ಅಥವಾ ಹೆಚ್ಚಿನ ಸಾಲವನ್ನು ನಗದಾಗಿ ಪಡೆದರೆ ಸಾಲದಷ್ಟೇ ದಂಡ ಬೀಳಬಹುದು. ನ್ಯಾಯಯುತ ಕಾರಣ ತೋರಿಸಿದರೆ ದಂಡದಿಂದ ಪಾರಾಗುವ ಅವಕಾಶ ಕಾಯಿದೆಯಲ್ಲಿದೆಯಾದರೂ, ಆಪತ್ತಿನಲ್ಲಿ ನೆರವಾಗುವ ಬಂಧುಮಿತ್ರರಿಂದ ಬ್ಯಾಂಕಿನ ಮೂಲಕವೇ ಹಣ ಪಡೆಯುವುದು ಕ್ಷೇಮ. ಬಂಧುಗಳಲ್ಲದವರಿಂದ ವರ್ಷದಲ್ಲಿ ಒಟ್ಟು 50,000 ರೂ. ಮೀರಿ ಸಹಾಯಧನ ಬಂದರೆ ಅದು ಆದಾಯವೆಂದು ಪರಿಗಣಿತವಾಗಬಹುದು ಎಂಬುದನ್ನೂ ಚಂದಾ ಎತ್ತುವವರು ಗಮನದಲ್ಲಿಡಬೇಕು.

ಸರಕು ಮತ್ತು ಸೇವಾ ತೆರಿಗೆಯಲ್ಲಿ ಸ್ವಲ್ಪ ಸಮಾಧಾನವಿದೆ. ದಿನಕ್ಕೆ 5,000 ರೂ. ಮೀರಿದ ಆಸ್ಪತ್ರೆ ಕೋಣೆಗೆ 2022ರ ಜುಲೈ 18ರಿಂದ ಶೇಕಡಾ 5 ತೆರಿಗೆ ವಿಧಿಸಿದಾಗ ನವಜಾತ ಶಿಶು ತೀವ್ರ ನಿಗಾ ಘಟಕವನ್ನು ಅದರಿಂದ ಹೊರಗಿಡಲಾಯಿತು. ಆದುದರಿಂದ ತಾಯಿಯ ಕೋಣೆಯ ಬಿಲ್ಲನ್ನೂ ಮಗುವಿನ ಬಿಲ್ಲನ್ನೂ ಪ್ರತ್ಯೇಕವಾಗಿ ಪಡೆದು ನೋಡಬೇಕು. ಚಿಕಿತ್ಸಾ ಸೇವೆಗೆ ತೆರಿಗೆ ಇಲ್ಲದಿರುವುದರಿಂದ ಆಸ್ಪತ್ರೆಗೆ ಹೂಡುವಳಿ ತೆರಿಗೆ ಜಮೆ ದೊರೆಯದು; ಉಪಕರಣಗಳ ಮೇಲೆ ತೆತ್ತ ತೆರಿಗೆ ವೆಚ್ಚದೊಳಗೆ ಸೇರಿ ಬಿಲ್ಲಿನಲ್ಲಿ ಅಡಗಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹಾಗೂ ಕುಟುಂಬ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ತೆರಿಗೆ ರದ್ದಾಗಿದೆ. ಈ ವಿನಾಯಿತಿ ಸಾಮೂಹಿಕ ಪಾಲಿಸಿಗಳಿಗೆ ಅನ್ವಯಿಸದು.

ಉದ್ಯೋಗದಾತರ ಪಾಲು

2014ರ ಫೆಬ್ರವರಿಯಲ್ಲಿ ಅಮೆರಿಕದ ಎಓಎಲ್ ಕಂಪನಿಯ ಮುಖ್ಯಸ್ಥ ಟಿಮ್ ಆರ್ಮ್‌ಸ್ಟ್ರಾಂಗ್ ಅವರು ನೌಕರರ ನಿವೃತ್ತಿ ನಿಧಿಗೆ ಕಂಪನಿ ನೀಡುವ ವಂತಿಗೆಯ ಕ್ರಮವನ್ನು ಬದಲಿಸುವಾಗ, ಇಬ್ಬರು ನೌಕರರ ಶಿಶುಗಳ ಚಿಕಿತ್ಸೆಗೆ ತಲಾ ಹತ್ತು ಲಕ್ಷ ಡಾಲರ್ ಖರ್ಚಾದುದನ್ನು ಕಾರಣವಾಗಿ ಹೇಳಿದರು. ತೀವ್ರ ಆಕ್ಷೇಪ ಬಂದ ಮೇಲೆ ಕ್ಷಮೆ ಕೋರಿ ನಿರ್ಧಾರವನ್ನು ಹಿಂತೆಗೆದುಕೊಂಡರು. ಇದರಿಂದ ಕಲಿಯಬೇಕಾದುದು ಎರಡು. ನೌಕರರ ಕುಟುಂಬದ ಆರೋಗ್ಯ ವಿಷಯ ಬಹಿರಂಗ ಚರ್ಚೆಗೆ ತರುವಂತಹುದಲ್ಲ. ಎರಡನೆಯದಾಗಿ, ಅಪರೂಪಕ್ಕೆ ಬಂದರೂ ಬಂದಾಗ ಭಾರಿಯಾಗುವ ನಷ್ಟವನ್ನು ಒಂದೇ ಸಂಸ್ಥೆ ಹೊರುವುದಕ್ಕಿಂತ ಹಲವರ ನಡುವೆ ಹಂಚುವುದೇ ವಿಮೆಯ ಮೂಲತತ್ವ.

ತಿಂಗಳಿಗೆ 21,000 ರೂ.ವರೆಗಿನ ವೇತನದ ನೌಕರರಿಗೆ ಇ.ಎಸ್.ಐ. ಅನ್ವಯಿಸುವ ಸಂಸ್ಥೆಗಳಲ್ಲಿ ಉದ್ಯೋಗದಾತರ ವಂತಿಗೆ ಶೇಕಡಾ 3.25, ನೌಕರರದು ಶೇಕಡಾ 0.75. ಅವಲಂಬಿತ ಮಗುವಿನ ಚಿಕಿತ್ಸೆಯೂ ಇದರಲ್ಲಿ ಸೇರಿದ್ದು, ಮೊತ್ತದ ಮಿತಿಯಿಲ್ಲ. ಉನ್ನತ ತಜ್ಞ ಚಿಕಿತ್ಸೆಗೆ ವಂತಿಗೆಯ ಅವಧಿಯ ಷರತ್ತುಗಳಿವೆ. ನೋಂದಣಿಯನ್ನು ತಿಂಗಳುಗಟ್ಟಲೆ ಮುಂದೂಡುವ ಸಂಸ್ಥೆಯು ಉಳಿಸುವುದು ನೂರಾರು ರೂಪಾಯಿ, ನೌಕರ ಕಳೆದುಕೊಳ್ಳುವುದು ಲಕ್ಷಗಳು. 21,000 ರೂ. ಮೀರಿದವರಿಗೆ ಸಾಮೂಹಿಕ ಪಾಲಿಸಿ ಕೊಂಡರೆ, ನಗದಲ್ಲದ ರೀತಿಯಲ್ಲಿ ಪಾವತಿಸಿದ ಕಂತನ್ನು 36(1)(ಐಬಿ) ಕಲಮಿನಡಿ ವ್ಯಾಪಾರದ ಖರ್ಚಾಗಿ ಕಳೆಯಬಹುದು. ನೌಕರನ ಕೈಯಲ್ಲಿ ಅದು ತೆರಿಗೆಗೊಳಪಡುವ ಸವಲತ್ತೂ ಅಲ್ಲ.

ಹೆರಿಗೆ ರಜೆಯ ವಿಷಯ. 2017ರ ತಿದ್ದುಪಡಿಯಿಂದ ರಜೆ 26 ವಾರಗಳಿಗೆ ಏರಿತು. ಎರಡು ಮಕ್ಕಳಿರುವ ತಾಯಿಗೆ 12 ವಾರ. ಆದರೆ ಮಗು ಎರಡು ತಿಂಗಳು ಆಸ್ಪತ್ರೆಯಲ್ಲಿದ್ದರೆ ರಜೆಯ ಮೂರನೆಯ ಒಂದು ಭಾಗ ಅಲ್ಲಿಯೇ ಮುಗಿಯುತ್ತದೆ. ಅವಧಿಪೂರ್ವ ಹೆರಿಗೆಯಿಂದ ತಾಯಿಗೆ ಅನಾರೋಗ್ಯವಾದರೆ ವೇತನಸಹಿತ ಒಂದು ತಿಂಗಳವರೆಗೆ ಹೆಚ್ಚುವರಿ ರಜೆಗೆ ಅವಕಾಶವಿದೆ. 1961ರ ಹೆರಿಗೆ ಸೌಲಭ್ಯ ಕಾಯಿದೆಯಲ್ಲಿದ್ದ ಈ ಹಕ್ಕು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಮುಂದುವರಿದಿದೆ. ಇದನ್ನು ಅರಿತ ಉದ್ಯೋಗದಾತರೂ ಕಡಿಮೆ, ಕೇಳುವ ನೌಕರರೂ ಕಡಿಮೆ. ಬ್ರಿಟನ್ನಿನಲ್ಲಿ 2025ರ ಏಪ್ರಿಲ್‌ನಿಂದ ನವಜಾತ ಶಿಶು ಆಸ್ಪತ್ರೆಯಲ್ಲಿದ್ದರೆ ತಂದೆ ತಾಯಿಯರಿಗೆ 12 ವಾರಗಳವರೆಗೆ ಪ್ರತ್ಯೇಕ ರಜೆಯ ಕಾನೂನು ಜಾರಿಯಾಗಿದೆ.

ಕಡಿಮೆ ಬೆಲೆಯ ಉಪಾಯಗಳು

ಈ ಕ್ಷೇತ್ರದಲ್ಲಿ ಅತ್ಯಂತ ಫಲಕಾರಿಯಾದ ಕೆಲವು ಚಿಕಿತ್ಸೆಗಳು ಅತ್ಯಂತ ಅಗ್ಗವಾದವು ಎಂಬುದು ಆಶ್ಚರ್ಯದ ಸಂಗತಿ. 34 ವಾರಕ್ಕೆ ಮುನ್ನ ಹೆರಿಗೆಯಾಗುವ ಸೂಚನೆ ಕಂಡರೆ ತಾಯಿಗೆ ಹನ್ನೆರಡು ಗಂಟೆಗೊಂದರಂತೆ ನಾಲ್ಕು ಬಾರಿ ಡೆಕ್ಸಾಮೆಥಾಸೋನ್ ಚುಚ್ಚುಮದ್ದು ಕೊಡುತ್ತಾರೆ. ಶಿಶುವಿನ ಶ್ವಾಸಕೋಶ ಬಲಿಯಲು ಇಂತಹ ಸ್ಟಿರಾಯ್ಡ್ ಮದ್ದು ನೆರವಾಗುತ್ತದೆಯೆಂದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲಿ ತೋರಿಸಿದರು. ದಿನವೊಂದಕ್ಕೆ ಸಾವಿರಾರು ರೂಪಾಯಿಯ ಯಂತ್ರವನ್ನು ತಪ್ಪಿಸಬಲ್ಲ ಈ ಮದ್ದಿನ ಬೆಲೆ ಅತ್ಯಲ್ಪ. ಆದರೆ ನೋವು ಕಂಡ ಕೂಡಲೇ ಆಸ್ಪತ್ರೆ ತಲುಪಿದರೆ ಮಾತ್ರ ಇದು ಸಾಧ್ಯ. ಸಾಧ್ಯವಾದರೆ ಮಗು ಗರ್ಭದಲ್ಲಿರುವಾಗಲೇ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೆ ತಾಯಿಯನ್ನು ಕರೆದೊಯ್ಯುವುದು, ಹುಟ್ಟಿದ ಮೇಲೆ ಆಂಬುಲೆನ್ಸಿನಲ್ಲಿ ಮಗುವನ್ನು ಸಾಗಿಸುವುದಕ್ಕಿಂತ ಸುರಕ್ಷಿತವೂ ಹೌದು, ಮಿತವ್ಯಯವೂ ಹೌದು.

ಮಗುವನ್ನು ತಾಯಿಯ ಎದೆಗೆ ಚರ್ಮ ತಾಗುವಂತೆ ಅಪ್ಪಿಕೊಂಡಿರುವ ಕಾಂಗರೂ ಆರೈಕೆಯು ಇನ್‌ಕ್ಯುಬೇಟರುಗಳ ಕೊರತೆಯಿದ್ದ ಕೊಲಂಬಿಯಾದ ಬೊಗೊಟಾ ನಗರದ ಆಸ್ಪತ್ರೆಯಲ್ಲಿ 1970ರ ದಶಕದ ಕೊನೆಯಲ್ಲಿ ಆರಂಭವಾಯಿತು. ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 1ರಿಂದ 1.8 ಕಿಲೋಗ್ರಾಂ ತೂಕದ ಶಿಶುಗಳಿಗೆ ಹುಟ್ಟಿದ ಕೂಡಲೇ ಈ ಆರೈಕೆ ಆರಂಭಿಸಿದಾಗ 28 ದಿನಗಳೊಳಗಿನ ಸಾವು ಶೇಕಡಾ 15.7ರಿಂದ 12ಕ್ಕೆ ಇಳಿಯಿತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಶಿಫಾರಸು ಮಾಡಿತು. ತಾಯಿಯ ಹಾಲು ಸೋಂಕನ್ನು ತಡೆದು ಆಸ್ಪತ್ರೆಯ ದಿನಗಳನ್ನು ಕಡಿಮೆ ಮಾಡುತ್ತದೆ. ಹಾಲಿಲ್ಲದ ಸಂದರ್ಭಕ್ಕೆಂದು ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲಿಯೇ ಎದೆಹಾಲಿನ ನಿಧಿ ಸ್ಥಾಪನೆಯಾಯಿತು. ತಾಯಿಯ ಎದೆಗೂ ಹಾಲಿಗೂ ಯಾವ ಆಸ್ಪತ್ರೆಯೂ ಬಿಲ್ಲು ಹಾಕುವುದಿಲ್ಲ. ಆದರೆ ಅದಕ್ಕೆ ತಾಯಿ ಮಗುವಿನ ಬಳಿಯಿರಬೇಕು, ತಾಯಿಗೆ ಒಂದು ಮಂಚ ಬೇಕು, ಮನೆಯವರ ಬೆಂಬಲ ಬೇಕು, ದುಡಿಯುವವಳಾದರೆ ರಜೆ ಬೇಕು.

ಕೊನೆಯದಾಗಿ

ಸದಸ್ಯರು ಈ ತಿಂಗಳಲ್ಲಿಯೇ ಮಾಡಬಹುದಾದ ಮೂರು ಕೆಲಸಗಳಿವೆ. ತಮ್ಮ ಮನೆಯ ಪಾಲಿಸಿಯಲ್ಲಿ ನವಜಾತ ಶಿಶುವಿನ ಕುರಿತ ವಾಕ್ಯವನ್ನು ಓದುವುದು. ಸಂಸ್ಥೆಯ ಸಾಮೂಹಿಕ ಪಾಲಿಸಿ ನವೀಕರಣಕ್ಕೆ ಬಂದಾಗ ಶಿಶುವನ್ನು ಮೊದಲ ದಿನದಿಂದ ಪೂರ್ಣ ಮೊತ್ತದೊಳಗೆ ಸೇರಿಸುವಂತೆ ಲಿಖಿತವಾಗಿ ಕೇಳುವುದು. ಇ.ಎಸ್.ಐ. ವ್ಯಾಪ್ತಿಯ ಪ್ರತಿಯೊಬ್ಬ ನೌಕರನ ಕುಟುಂಬದ ವಿವರ ದಾಖಲಾಗಿದೆಯೇ ಎಂದು ಪರಿಶೀಲಿಸುವುದು. ನಾಲ್ಕಾರು ನೌಕರರ ಸಣ್ಣ ಅಂಗಡಿಗಳಿಗೆ ಪ್ರತ್ಯೇಕವಾಗಿ ಇಂತಹ ಷರತ್ತು ಪಡೆಯುವುದು ಕಷ್ಟ. ವಾಣಿಜ್ಯ ಸಂಘಗಳು ಸದಸ್ಯರನ್ನು ಒಟ್ಟುಗೂಡಿಸಿ ಮಾತುಕತೆ ನಡೆಸಿದರೆ ಸುಲಭವಾದೀತು.

ಬೆಂಕಿ ವಿಮೆಯ ಕಂತು ಕಟ್ಟಿದವರು ಬೆಂಕಿ ಬೀಳಲೆಂದು ಬಯಸುವುದಿಲ್ಲ. ಹಾಗೆಯೇ ಈ ಎಚ್ಚರಿಕೆಯೂ ಅಪಶಕುನವಲ್ಲ. ಒಂದು ಕಿಲೋಗ್ರಾಂ ತೂಕದ ಜೀವವೊಂದು ಅರವತ್ತು ದಿನ ಹೋರಾಡುತ್ತಿರುವಾಗ, ನಾಲ್ವತ್ತನೆಯ ದಿನ ಮನೆಯವರ ಕೈ ಬರಿದಾಗದಂತೆ ನೋಡಿಕೊಳ್ಳುವುದಷ್ಟೇ ಇದರ ಉದ್ದೇಶ.